ಮಿಜೋ ಬೆಟ್ಟಗಳ ಸುಟ್ಟ ಹಳ್ಳಿಗಳು

ದಂಗೆಯನ್ನು ಅಡಗಿಸುವುದು ಸರ್ಕಾರದ ಕರ್ತವ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದಂಗೆಕೋರನು ಕೈಗೆ ಸಿಗದಾಗ, ಅವನಿಗೆ ಅನ್ನ ಹಾಕಬಹುದೆಂಬ ಶಂಕೆಯಿಂದ ಊರಿಗೆ ಊರನ್ನೇ ಕಿತ್ತುಹಾಕುವುದು ಯಾವ ನೀತಿ? ಅದರಿಂದ ದೊರೆಯುವ ಫಲವಾದರೂ ಏನು? ಇದಕ್ಕೆ ಉತ್ತರ ಹುಡುಕಲು ನಾವು ದೂರದ ವಿಯೆಟ್ನಾಮಿಗೆ ಹೋಗಬೇಕಾಗಿಲ್ಲ. ನಮ್ಮದೇ ದೇಶದ ಈಶಾನ್ಯ ಮೂಲೆಯ ಮಿಜೋ ಬೆಟ್ಟಗಳ ಇತಿಹಾಸವನ್ನು ನೋಡಿದರೆ ಸಾಕು.

ಕಥೆ ಮೊದಲಾಗುವುದು ಬಿದಿರಿನಿಂದ. ಸುಮಾರು ಅರ್ಧ ಶತಮಾನಕ್ಕೊಮ್ಮೆ ಆ ಬೆಟ್ಟಗಳ ಬಿದಿರೆಲ್ಲ ಒಟ್ಟಿಗೆ ಹೂಬಿಡುತ್ತದೆ. ಅದರ ಬೀಜವನ್ನು ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಹೊಲಗಳಿಗೂ ಕಣಜಗಳಿಗೂ ನುಗ್ಗುತ್ತವೆ. 1959ರಲ್ಲಿ ಹೀಗೆ ಬಂದ ಬರಗಾಲಕ್ಕೆ ಮಿಜೋ ಜನ 'ಮೌತಾಮ್' ಎನ್ನುತ್ತಾರೆ. ಆ ಜಿಲ್ಲೆ ಆಗ ಅಸ್ಸಾಮಿಗೆ ಸೇರಿತ್ತು. ಹಿರಿಯರ ಅನುಭವವನ್ನು ನಂಬಿ ಜಿಲ್ಲಾ ಪರಿಷತ್ತು ಮೊದಲೇ ಎಚ್ಚರಿಸಿದ್ದರೂ ರಾಜ್ಯ ಸರ್ಕಾರ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಹಸಿದವರಿಗೆ ಅಕ್ಕಿ ಹೊತ್ತು ತಂದವರಲ್ಲಿ ಲಾಲ್‌ಡೆಂಗಾ ಅವರ ಕ್ಷಾಮ ಪರಿಹಾರ ಸಂಸ್ಥೆಯೂ ಒಂದು. 1961ರಲ್ಲಿ ಅದೇ ಸಂಸ್ಥೆ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು. 1966ರ ಫೆಬ್ರವರಿ ಕೊನೆಯ ರಾತ್ರಿ ಆ ಪಕ್ಷದ ಸಶಸ್ತ್ರ ಪಡೆಗಳು ಸರ್ಕಾರಿ ನೆಲೆಗಳ ಮೇಲೆ ದಾಳಿಮಾಡಿದವು. ಮರುದಿನ ಸ್ವಾತಂತ್ರ್ಯ ಘೋಷಣೆಯೂ ಹೊರಟಿತು.

ಸರ್ಕಾರದ ಉತ್ತರ ಆಕಾಶದಿಂದ ಬಂತು. ಮಾರ್ಚ್ 5ರಂದು ಭಾರತೀಯ ವಾಯುಪಡೆಯ ವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ಗುಂಡಿನ ಮಳೆಗರೆದವು, ಬಾಂಬುಗಳನ್ನು ಹಾಕಿದವು. ಪಟ್ಟಣದ ಬಹುಭಾಗ ಬೆಂಕಿಗೆ ತುತ್ತಾಯಿತು. ವಿಮಾನಗಳು ಹೋದದ್ದು ಸೈನಿಕರನ್ನೂ ಸಾಮಗ್ರಿಯನ್ನೂ ಇಳಿಸುವುದಕ್ಕೆಂದು ಆಗ ಸರ್ಕಾರ ಸಮಜಾಯಿಷಿ ನೀಡಿತು. ಸ್ವಂತ ಪ್ರಜೆಗಳು ವಾಸಿಸುವ ಊರಿನ ಮೇಲೆ ಸ್ವಂತ ವಿಮಾನಗಳನ್ನು ಕಳುಹಿಸಿದ ಈ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ.

ಬಾಂಬು ಬಿದ್ದದ್ದು ಕೆಲವು ದಿನ. ಅದರ ಹಿಂದೆಯೇ ಬಂದ ಯೋಜನೆ ನಡೆದದ್ದು ಮೂರು ವರ್ಷಕ್ಕೂ ಹೆಚ್ಚು ಕಾಲ. ಮಲಯಾದಲ್ಲಿ ಬ್ರಿಟಿಷರು 1950ರಿಂದ ಸುಮಾರು ಐದು ಲಕ್ಷ ಜನರನ್ನು ಕಾಡಂಚಿನಿಂದ ಎಬ್ಬಿಸಿ, ಬೇಲಿ ಹಾಕಿದ 'ಹೊಸ ಹಳ್ಳಿ'ಗಳಲ್ಲಿ ಕೂಡಿಹಾಕಿದ್ದರು. ಅದೇ ಮಾದರಿ 1967ರ ಜನವರಿಯಲ್ಲಿ ಮಿಜೋ ಬೆಟ್ಟಗಳಿಗೆ ಬಂತು. ಸಿಲ್ಚಾರ್‌ನಿಂದ ಐಜ್ವಾಲ್ ಮೂಲಕ ಲುಂಗ್ಲೆಗೆ ಹೋಗುವ ರಸ್ತೆಯ ಉದ್ದಕ್ಕೂ ಮೊದಲು 18 ಕೇಂದ್ರಗಳು ಎದ್ದವು. ನೂರಕ್ಕೂ ಹೆಚ್ಚು ಹಳ್ಳಿಗಳ ಜನ ಅಲ್ಲಿಗೆ ಬಂದು ಬಿದ್ದರು. ಯೋಜನೆ ಮುಗಿಯುವ ಹೊತ್ತಿಗೆ 516 ಹಳ್ಳಿಗಳು 110 ಕೇಂದ್ರಗಳಾಗಿದ್ದವು. ಮೊದಲ ಕೇಂದ್ರಗಳಿಗೆ ಸರ್ಕಾರವಿಟ್ಟ ಹೆಸರು 'ರಕ್ಷಿತ ಮತ್ತು ಪ್ರಗತಿಶೀಲ ಗ್ರಾಮ'.

ಈ ರಕ್ಷಣೆಯ ಬಗೆ ಎಂಥದೆಂಬುದನ್ನು ಆ ಭಾಗದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ವಿಜೇಂದ್ರ ಸಿಂಗ್ ಜಾಫಾ ದಾಖಲಿಸಿದ್ದಾರೆ. ದಾರ್ಜೋ ಎಂಬುದು ಅನುಕೂಲವಾಗಿ ಬಾಳುತ್ತಿದ್ದ ಹಳ್ಳಿ. ಸೇನೆಯ ಅಧಿಕಾರಿಯೊಬ್ಬರು, ಹೊರಲಾಗುವಷ್ಟನ್ನು ಹೊತ್ತುಕೊಂಡು ಊರು ಬಿಡಬೇಕೆಂದು ಜನರಿಗೆ ಅಪ್ಪಣೆಮಾಡಿದರು. ಅನಂತರ ಮನೆಗಳಿಗೂ ಬತ್ತದ ಕಣಜಗಳಿಗೂ ಬೆಂಕಿ ಬಿತ್ತು. ಅಲ್ಲಿಗೂ ಮುಗಿಯಲಿಲ್ಲ. ದಂಗೆಕೋರರ ಕಾಟ ತಾಳಲಾರದೆ ತಾವೇ ಇಷ್ಟಪಟ್ಟು ಸ್ಥಳಾಂತರ ಬೇಡಿದೆವೆಂದು ಒಂದು ಕಾಗದ, ಊರನ್ನು ತಾವೇ ಸುಟ್ಟೆವೆಂದು ಇನ್ನೊಂದು ಕಾಗದ. ಎರಡಕ್ಕೂ ಊರ ಹಿರಿಯರಿಂದ ಬಲವಂತವಾಗಿ ಸಹಿ ಹಾಕಿಸಲಾಯಿತು. ಬೆಂಕಿ ಹಚ್ಚಿದ ಆ ಅಧಿಕಾರಿಯೇ ಮುಂದೆ ಇದನ್ನು ಸಂಕಟದಿಂದ ಹೇಳಿಕೊಂಡರಂತೆ.

ಮಿಜೋ ರೈತನದು 'ಝೂಮ್' ಬೇಸಾಯ. ನಮ್ಮ ಮಲೆನಾಡಿನವರು ಕುಮರಿ ಎಂದು ಬಲ್ಲದ್ದು ಇದನ್ನೇ. ಒಂದು ಇಳಿಜಾರಿನ ಕಾಡು ಕಡಿದು, ಸುಟ್ಟು, ಬಿತ್ತಿ, ಕೆಲವು ವರ್ಷ ಬೀಳುಬಿಟ್ಟು ಇನ್ನೊಂದು ಇಳಿಜಾರಿಗೆ ಹೋಗುವ ಈ ಕ್ರಮಕ್ಕೆ ವಿಶಾಲವಾದ ನೆಲ ಬೇಕು. ಹಲವು ಊರುಗಳು ಒಂದೆಡೆ ಸೇರಿದಾಗ ಹತ್ತಿರದ ನೆಲ ಯಾರಿಗೂ ಸಾಲಲಿಲ್ಲ. ದೂರದ ಹೊಲಕ್ಕೆ ಹೋಗೋಣವೆಂದರೆ ಕರ್ಫ್ಯೂ, ಗುರುತಿನ ಚೀಟಿ, ಬಾಗಿಲಲ್ಲಿ ತಪಾಸಣೆ. ತಾನು ಬೆಳೆದು ತಾನು ಉಣ್ಣುತ್ತಿದ್ದವನು ಸರ್ಕಾರದ ಪಡಿತರಕ್ಕೆ ಕೈಯೊಡ್ಡಿ ನಿಂತ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರೆಂಬ ಗಾದೆ, ಇಲಿಗಳಿಂದಲೇ ಆರಂಭವಾದ ಈ ಕಥೆಯಲ್ಲಿ ಅಕ್ಷರಶಃ ನಿಜವಾಯಿತು.

ಇಷ್ಟಾದರೂ ಉದ್ದೇಶ ಕೈಗೂಡಿತೆ? ದಂಗೆಕೋರರು ಗಡಿಯಾಚೆಗೆ, ಅಂದಿನ ಪೂರ್ವ ಪಾಕಿಸ್ತಾನಕ್ಕೆ ಸರಿದು ನಿಂತರು. 1970ರಲ್ಲಿ ಹೈಕೋರ್ಟಿನ ತಡೆಯಾಜ್ಞೆ ಬಂದ ಮೇಲೆ ಹಳ್ಳಿ ಕೂಡಿಸುವ ಕೆಲಸ ನಿಂತಿತು. 1975ರ ಜನವರಿಯಲ್ಲಿ ಐಜ್ವಾಲ್‌ನ ಕಚೇರಿಯೊಳಗೇ ಮೂವರು ಹಿರಿಯ ಪೊಲೀಸ್ ಅಧಿಕಾರಿಗಳನ್ನು ಬಂಡಾಯಗಾರರು ಗುಂಡಿಟ್ಟು ಕೊಂದರು. ಹಳ್ಳಿಗಳನ್ನು ಸುಟ್ಟದ್ದರಿಂದ ದಂಗೆ ಆರಿರಲಿಲ್ಲ. ಕಡೆಗೆ ಶಾಂತಿ ತಂದದ್ದು 1986ರ ಜೂನ್ 30ರ ಒಪ್ಪಂದ. ಹಿಂದೆ ದೇಶದ ವೈರಿ ಎನಿಸಿದ್ದ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿಯಾದರು. 1987ರಲ್ಲಿ ಮಿಜೋರಂ ರಾಜ್ಯವಾಯಿತು.

ಇಪ್ಪತ್ತು ವರ್ಷದ ಮೇಲೆ ಮೇಜಿನ ಮುಂದೆ ಕುಳಿತು ಮುಗಿಸಿದ ಜಗಳಕ್ಕೆ ನಡುವೆ ಬೆಲೆ ತೆತ್ತವರು ಬಂದೂಕು ಹಿಡಿಯದ ಜನ. ಕೇಂದ್ರಗಳಿಗೆ ಹೋದ ಎಷ್ಟೋ ಮಂದಿ ತಮ್ಮ ಹಳೆಯ ಊರಿಗೆ ಮರಳಲೇ ಇಲ್ಲ. ಸರ್ಕಾರದ ಕಡತಗಳನ್ನಷ್ಟೇ ನಂಬಿ ಇತಿಹಾಸ ಬರೆಯುವವನಿಗೆ ದಾರ್ಜೋದ ಜನ ತಮ್ಮ ಊರನ್ನು ತಾವೇ ಸುಟ್ಟುಕೊಂಡವರಾಗಿ ಕಾಣುತ್ತಾರೆ. ಅದಕ್ಕೆ ಅವರ ಹಿರಿಯರ ಸಹಿಯೇ ಸಾಕ್ಷಿ. ಪ್ರಜೆಯ ಮನೆಯನ್ನು ಸುಡುವುದು ಒಂದು ಅನ್ಯಾಯ. ಸುಟ್ಟವನು ನೀನೇ ಎಂದು ಅವನಿಂದಲೇ ಬರೆಸಿಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಮನೆಯನ್ನಾದರೂ ಮತ್ತೆ ಕಟ್ಟಬಹುದು.