ಪರಿಸರ ಸಂವಹನ ವೃತ್ತಿ
ಕಾಡು, ಕೆರೆ, ಗಣಿಗಾರಿಕೆ, ಮಾಲಿನ್ಯದ ವಿಚಾರಗಳನ್ನು ಜನರಿಗೆ ಅರ್ಥವಾಗುವಂತೆ ತಲುಪಿಸುವ ಕೆಲಸ. ಅರಣ್ಯ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಸ್ವಯಂಸೇವಾ ಸಂಸ್ಥೆ, ಕೈಗಾರಿಕೆ, ಪತ್ರಿಕೆ ಇದರ ನೆಲೆಗಳು. ಪತ್ರಿಕೋದ್ಯಮ ಅಥವಾ ಪರಿಸರ ವಿಜ್ಞಾನದ ಪದವಿ ನೆರವಾಗುತ್ತದೆ. ಊರಿನ ಮಾತು ಬಲ್ಲವರಿಗೆ ಬೆಲೆ ಹೆಚ್ಚು.

ಕೊಟ್ಟೂರು ಸೀಮೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ನೀರಾವರಿಗೆಂದು ಕಟ್ಟಿದ ಹಳೆಯ ಕೆರೆಯಿದು. ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಗುಂಪುಗುಂಪಾಗಿ ಕೂರುತ್ತವೆ. ಚಳಿಗಾಲದಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿರುತ್ತವೆ. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆಯ ಜೊತೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ್ದು ಪ್ರಕಟವಾಯಿತು. ಕಡತದಲ್ಲಿರುವ 98.76 ಹೆಕ್ಟೇರ್ ಎಂಬ ಅಂಕಿ ರೈತನಿಗೆ ಏನೂ ಹೇಳುವುದಿಲ್ಲ. ಸುಮಾರು 244 ಎಕರೆ ಎಂದರೆ ಕೆರೆ ಕಣ್ಣೆದುರು ನಿಲ್ಲುತ್ತದೆ. ವೃತ್ತಿಯ ಕಸುಬುಗಾರಿಕೆ ಇರುವುದು ಇಂಥಲ್ಲೇ.

ಕನ್ನಡದಲ್ಲಿ ಈ ದಾರಿಯನ್ನು ಹದಗೊಳಿಸಿದವರು ನಾಗೇಶ ಹೆಗಡೆ, ಶ್ರೀಪಡ್ರೆ, ಶಿವಾನಂದ ಕಳವೆ ಮುಂತಾದವರು. ಕರಡಿಧಾಮವಿರುವ ದರೋಜಿಯ ಜೀವಲೋಕವನ್ನು ಛಾಯಾಚಿತ್ರಗಳಲ್ಲಿ ತೋರಿಸಿದವರು ಸಮದ್ ಕೊಟ್ಟೂರು.

ಸಾರ್ವಜನಿಕ ಸಂಪರ್ಕದ ಭಾಗ ಹೆಚ್ಚು ಸೂಕ್ಷ್ಮ. ಕಂಪನಿಯ ಸಂಬಳ ಪಡೆಯುವವರೂ ಹಳ್ಳಿಯಿಂದ ಸತ್ಯ ಮುಚ್ಚಿಡಬಾರದು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಇಲ್ಲಿ ಆ ಭಾಷೆ ಕನ್ನಡ.