ಬ್ರೇಕ್‌ಪಾಯಿಂಟ್, ಲಿನಕ್ಸ್ ವ್ಯವಸ್ಥೆಯಲ್ಲಿ

ಓಡುತ್ತಿರುವ ಪ್ರೋಗ್ರಾಮನ್ನು ನಿಯತವಾದ ಸ್ಥಾನವೊಂದರಲ್ಲಿ ನಿಲ್ಲಿಸಿ ಅದರ ಅಂತಃಸ್ಥಿತಿಯನ್ನು ಪರೀಕ್ಷಿಸಲೋಸುಗ ಡೀಬಗರ್‌ನ ಮೂಲಕ ಇಡುವ ತಡೆ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ರಚಿಸಿದ ಜಿಡಿಬಿ ಎಂಬ ಡೀಬಗರ್, ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ, ಉದ್ದಿಷ್ಟ ಆದೇಶದ ಮೊದಲ ಬೈಟನ್ನು ತೆಗೆದಿರಿಸಿಕೊಂಡು ಆ ಎಡೆಯಲ್ಲಿ ತಡೆಯ ಆದೇಶವನ್ನು ಬರೆಯುತ್ತದೆ. ಅದನ್ನು ಮುಟ್ಟಿದೊಡನೆ ಕರ್ನೆಲ್ ಪ್ರೋಗ್ರಾಮನ್ನು ನಿಲ್ಲಿಸಿ ಡೀಬಗರ್‌ಗೆ ತಿಳಿಸುತ್ತದೆ.

ತಡೆಯಿದ್ದೂ ಪ್ರೋಗ್ರಾಮು ನಿಲ್ಲದಿರುವುದಕ್ಕೆ ಕಾರಣಗಳು ಹಲವು: ಕಂಪೈಲ್ ಮಾಡುವಾಗ ಡೀಬಗ್ ಮಾಹಿತಿಯನ್ನು ಸೇರಿಸದಿರುವುದು, ಆಪ್ಟಿಮೈಸೇಷನ್ನಿನಿಂದ ಸಾಲುಗಳೇ ಲೋಪವಾಗಿರುವುದು, ಲೈಬ್ರರಿಯು ಇನ್ನೂ ಲೋಡ್ ಆಗದಿರುವುದು. ಇವು ಬೇಗ ಗೋಚರಿಸುವಂಥವು. ನಿಜವಾಗಿ ದಿಕ್ಕುಗೆಡಿಸುವುದು ಕಡತದ ಒಡೆತನ. ಒಮ್ಮೆ ಸುಡೋ ಬಳಸಿ ಕಂಪೈಲ್ ಮಾಡಿದಲ್ಲಿ ಆಗ ಹುಟ್ಟಿದ ಡೈರೆಕ್ಟರಿಯೂ ಕಡತಗಳೂ ರೂಟ್‌ನ ಸ್ವತ್ತಾಗಿ, ಅನಂತರ ಸಾಮಾನ್ಯ ಬಳಕೆದಾರನು ಮೂಲವನ್ನು ತಿದ್ದಿ ಮತ್ತೆ ಕಂಪೈಲ್ ಮಾಡಹೊರಟಾಗ ಅನುಮತಿಯಿಲ್ಲದೆ ಕಾರ್ಯವು ವಿಫಲವಾಗಿ, ಆ ದೋಷಸೂಚನೆಯೂ ಕಣ್ತಪ್ಪಿತೆಂದರೆ, ಹಳೆಯ ಪ್ರೋಗ್ರಾಮೇ ಓಡುತ್ತಿರಲಾಗಿ, ತೆರೆಯ ಮೇಲೆ ಕಾಣುವ ಸಾಲೊಂದು, ಯಂತ್ರವು ನಿಲ್ಲುವ ಸ್ಥಾನ ಬೇರೊಂದು ಆಗುತ್ತದೆ. ಮೂಲ ಕಡತವು ಪ್ರೋಗ್ರಾಮಿಗಿಂತ ಈಚಿನದೆಂದು ಜಿಡಿಬಿ ಎಚ್ಚರಿಸುವುದುಂಟು. ಅದನ್ನು ಓದುವವರು ವಿರಳ. ಒಡೆಯನಾರೆಂಬುದನ್ನು ಎಲ್‌ಎಸ್ ಆದೇಶದ ದೀರ್ಘ ಪಟ್ಟಿಯಲ್ಲಿ ಕಂಡುಕೊಂಡು, ಚೌನ್ ಆದೇಶದಿಂದ ಒಡೆತನವನ್ನು ಮರಳಿಸುವುದೇ ಪರಿಹಾರ. ಡೀಬಗರನ್ನೇ ರೂಟ್ ಆಗಿ ನಡೆಸುವುದು ರೋಗವನ್ನು ಹೆಚ್ಚಿಸುವ ಔಷಧ.

ಆಗಲೇ ಓಡುತ್ತಿರುವ ಪ್ರೋಗ್ರಾಮಿಗೆ ಸಾಮಾನ್ಯ ಬಳಕೆದಾರನು ಡೀಬಗರನ್ನು ತೊಡಗಿಸಬೇಕಾದರೆ ಎರಡೂ ಅವನ ಹೆಸರಿನಲ್ಲಿಯೇ ನಡೆಯುತ್ತಿರಬೇಕು. ಯಾಮಾ ಎಂಬ ಭದ್ರತಾ ಘಟಕದ ಪಿಟ್ರೇಸ್ ನಿರ್ಬಂಧವು 1 ಎಂದಿರುವೆಡೆ, ಅಷ್ಟೂ ಸಾಲದೆ, ಸಾಮಾನ್ಯವಾಗಿ ಡೀಬಗರ್ ತಾನೇ ಹುಟ್ಟಿಸಿದ ಪ್ರೋಗ್ರಾಮಿಗೆ ಮಾತ್ರ ಅವಕಾಶ.