ಮುಂದುವರಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಕೀಮೋಥೆರಪಿ ಮತ್ತು ವಿಕಿರಣದ ಸಂಯುಕ್ತ ಚಿಕಿತ್ಸೆ

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಸಮೀಪವಾಗಿ ಅಡ್ಡಲಾಗಿರುವ ಅಂಗವಾಗಿದ್ದು, ಜೀರ್ಣಕ್ಕೆ ಅಗತ್ಯವಾದ ರಸವನ್ನೂ ಇನ್ಸುಲಿನ್ ಹಾರ್ಮೋನನ್ನೂ ಉತ್ಪಾದಿಸುತ್ತದೆ. ಹೊಟ್ಟೆಯ ಆಳದಲ್ಲಿರುವ ಕಾರಣ ಇಲ್ಲಿ ಹುಟ್ಟುವ ಗೆಡ್ಡೆಯು ಬಹುಕಾಲ ಅರಿವಿಗೆ ಬರುವುದಿಲ್ಲ. ಕಾಮಾಲೆ, ಬೆನ್ನಿನವರೆಗೆ ಹರಡುವ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುವ ವೇಳೆಗೆ ಹೆಚ್ಚಿನ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಅವಕಾಶ ಮೀರಿರುತ್ತದೆ.

ಮುಂದುವರಿದ ಕ್ಯಾನ್ಸರ್ ಎಂಬ ಮಾತು ಎರಡು ಬೇರೆ ಬೇರೆ ಸ್ಥಿತಿಗಳಿಗೆ ಬಳಕೆಯಲ್ಲಿದೆ. ರೋಗವು ಯಕೃತ್ತು, ಶ್ವಾಸಕೋಶ ಮುಂತಾದ ದೂರದ ಅಂಗಗಳಿಗೆ ಹರಡಿರುವುದು ಒಂದು. ಹೊರಗೆಲ್ಲೂ ಹರಡದಿದ್ದರೂ ಗೆಡ್ಡೆಯು ಸಮೀಪದ ಪ್ರಮುಖ ಅಪಧಮನಿಗಳನ್ನು ಸುತ್ತುವರಿದು, ಅದನ್ನು ಕತ್ತರಿಸಿ ತೆಗೆಯಲು ಸಾಧ್ಯವಾಗದಿರುವುದು ಇನ್ನೊಂದು. ಸಂಯುಕ್ತ ಚಿಕಿತ್ಸೆಯ ವಿಚಾರವು ಮುಖ್ಯವಾಗಿ ಎರಡನೆಯ ಸ್ಥಿತಿಗೆ ಸಂಬಂಧಿಸಿದುದಾಗಿದೆ. ಮೊದಲನೆಯದರಲ್ಲಿ ಕೀಮೋಥೆರಪಿಯೇ ಪ್ರಧಾನ. ವಿಕಿರಣವನ್ನು ಸಾಮಾನ್ಯವಾಗಿ ನೋವು ನಿವಾರಣೆಗೆ ಮಾತ್ರ ಬಳಸಲಾಗುತ್ತದೆ. ಆದುದರಿಂದ ರೋಗಿಯು ಯಾವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಕುಟುಂಬದವರು ಮೊದಲು ವೈದ್ಯರಿಂದ ಸ್ಪಷ್ಟವಾಗಿ ತಿಳಿದುಕೊಳ್ಳತಕ್ಕದ್ದು.

ಚಿಕಿತ್ಸೆಯ ವಿಧಾನ

ವಿಕಿರಣ ನೀಡುವ ದಿನಗಳಲ್ಲಿಯೇ ಕೆಪಿಸೈಟಬೀನ್ ಮಾತ್ರೆ, ಫ್ಲೂರೋಯುರಾಸಿಲ್ ಅಥವಾ ಜೆಮ್‌ಸೈಟಬೀನ್ ಔಷಧಿಯನ್ನು ಕೊಡಲಾಗುತ್ತದೆ. ಈ ಔಷಧಿಗಳು ಕ್ಯಾನ್ಸರ್ ಜೀವಕೋಶಗಳು ವಿಕಿರಣಕ್ಕೆ ಹೆಚ್ಚು ಸುಲಭವಾಗಿ ಬಲಿಯಾಗುವಂತೆ ಮಾಡುತ್ತವೆ. ಸಾಮಾನ್ಯವಾಗಿ ದಿನಕ್ಕೆ 1.8 ಗ್ರೇ ಪ್ರಮಾಣದಂತೆ ವಾರಕ್ಕೆ ಐದು ದಿನ, ಒಟ್ಟು 50ರಿಂದ 54 ಗ್ರೇ ವಿಕಿರಣ ನೀಡಲಾಗುತ್ತದೆ. ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗ ಗೆಡ್ಡೆಗೆ ಅಂಟಿಕೊಂಡಂತಿರುವುದರಿಂದ ಈ ಪ್ರಮಾಣವನ್ನು ಇಷ್ಟಬಂದಂತೆ ಹೆಚ್ಚಿಸುವಂತಿಲ್ಲ. ಕೆಲವು ಕೇಂದ್ರಗಳಲ್ಲಿ ಅತಿ ನಿಖರ ಯಂತ್ರಗಳ ನೆರವಿನಿಂದ ಐದೇ ಸರದಿಗಳಲ್ಲಿ ಮುಗಿಯುವ ವಿಧಾನವೂ ಬಳಕೆಗೆ ಬಂದಿದೆ.

ಪ್ರಯೋಗಗಳಿಂದ ತಿಳಿದುಬಂದದ್ದು

ವಿಕಿರಣವೊಂದನ್ನೇ ನೀಡುವುದಕ್ಕಿಂತ ಔಷಧಿಯೊಡನೆ ನೀಡುವುದು ಮೇಲೆಂಬುದು ಅಮೆರಿಕದಲ್ಲಿ ನಡೆದ, 1981ರಲ್ಲಿ ಪ್ರಕಟವಾದ ಪ್ರಯೋಗದಿಂದ ದೃಢಪಟ್ಟಿತು. ಆದರೆ ಔಷಧಿಯೊಂದೇ ಸಾಲದೇ ಎಂಬ ಪ್ರಶ್ನೆಗೆ ದೊರೆತ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. 2008ರ ಫ್ರಾನ್ಸಿನ ಪ್ರಯೋಗದಲ್ಲಿ ಮೊದಲಿಗೇ ಸಂಯುಕ್ತ ಚಿಕಿತ್ಸೆ ಪಡೆದವರ ಬದುಕುಳಿದ ಅವಧಿಯ ಮಧ್ಯಾಂಕ 8.6 ತಿಂಗಳು, ಜೆಮ್‌ಸೈಟಬೀನ್ ಮಾತ್ರ ಪಡೆದವರದು 13 ತಿಂಗಳು. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಫಲಿತಾಂಶ ಇದಕ್ಕೆ ವಿರುದ್ಧವಾಗಿ, ಸಂಯುಕ್ತ ಚಿಕಿತ್ಸೆಗೆ 11.1 ಮತ್ತು ಔಷಧಿಯೊಂದಕ್ಕೆ 9.2 ತಿಂಗಳು ಬಂದಿತು. ಇದರಲ್ಲಿದ್ದವರು 74 ಮಂದಿ ಮಾತ್ರ. ಮಧ್ಯಾಂಕವೆಂದರೆ ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ, ಉಳಿದರ್ಧ ಅದಕ್ಕಿಂತ ಕಡಿಮೆ ಕಾಲ ಬದುಕಿದರು ಎಂದರ್ಥ. ಒಬ್ಬ ನಿರ್ದಿಷ್ಟ ರೋಗಿಗೆ ವಿಧಿಸಿದ ಗಡುವು ಅದಲ್ಲ.

2016ರಲ್ಲಿ ಪ್ರಕಟವಾದ ಎಲ್‌ಎಪಿ-07 ಪ್ರಯೋಗವು ಹೆಚ್ಚು ದೊಡ್ಡದು. ಅದರಲ್ಲಿ ಎಲ್ಲರಿಗೂ ಮೊದಲು ನಾಲ್ಕು ತಿಂಗಳು ಕೀಮೋಥೆರಪಿ ನೀಡಿ, ರೋಗ ಹತೋಟಿಯಲ್ಲಿದ್ದ 269 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಸಂಯುಕ್ತ ಚಿಕಿತ್ಸೆ ಪಡೆದವರಲ್ಲಿ ಮಧ್ಯಾಂಕ 15.2 ತಿಂಗಳು, ಕೀಮೋಥೆರಪಿ ಮುಂದುವರಿಸಿದವರಲ್ಲಿ 16.5 ತಿಂಗಳು, ಇದು ಗಣನೀಯ ವ್ಯತ್ಯಾಸವೆನಿಸಲಿಲ್ಲ. ಆದರೆ ರೋಗವು ಅದೇ ಸ್ಥಳದಲ್ಲಿ ಮತ್ತೆ ಬೆಳೆದದ್ದು ಮೊದಲ ಗುಂಪಿನಲ್ಲಿ ಶೇ. 32, ಎರಡನೆಯದರಲ್ಲಿ ಶೇ. 46. ಅಂದರೆ ವಿಕಿರಣವು ಗೆಡ್ಡೆಯನ್ನು ಇದ್ದಲ್ಲಿ ಹಿಡಿದಿಡಬಲ್ಲದು. ಆಯುಸ್ಸನ್ನು ಹೆಚ್ಚಿಸುವುದೆಂಬ ಭರವಸೆಯನ್ನು ಆ ಪ್ರಯೋಗ ನೀಡಲಿಲ್ಲ.

ಈ ಕಾರಣದಿಂದ ಇಂದು ಮೊದಲು ಕೆಲವು ತಿಂಗಳು ಕೀಮೋಥೆರಪಿ ನೀಡಿ, ಮತ್ತೆ ಸ್ಕ್ಯಾನ್ ಮಾಡಿ, ರೋಗ ಹರಡದೇ ಉಳಿದವರಿಗೆ ಮಾತ್ರ ವಿಕಿರಣದ ಬಗ್ಗೆ ಯೋಚಿಸುವುದು ರೂಢಿಯಾಗಿದೆ. ಆ ಅವಧಿಯಲ್ಲಿಯೇ ರೋಗ ಹರಡಿದವರು ಪ್ರಯೋಜನವಿಲ್ಲದ ವಿಕಿರಣದಿಂದ ಪಾರಾಗುತ್ತಾರೆ.

ನಿರ್ಧಾರಕ್ಕೆ ಮುನ್ನ

ಆರು ವಾರಗಳ ಚಿಕಿತ್ಸೆಯೆಂದರೆ ಸುಮಾರು ಮೂವತ್ತು ದಿನ ಆಸ್ಪತ್ರೆಗೆ ಹೋಗಿಬರುವುದು. ಹದಿನೈದು ತಿಂಗಳ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು. ಕೇಂದ್ರದಿಂದ ದೂರದಲ್ಲಿರುವ ಕುಟುಂಬವು ಊರು ಬಿಟ್ಟು ತಂಗಬೇಕಾಗುತ್ತದೆ. ಜೊತೆಗಿರುವವರ ದುಡಿಮೆಯೂ ನಿಲ್ಲುತ್ತದೆ. ಚಿಕಿತ್ಸೆಯ ಉದ್ದೇಶ ನೋವು ತಗ್ಗಿಸುವುದೇ, ಗೆಡ್ಡೆಯನ್ನು ತಡೆಹಿಡಿಯುವುದೇ, ಮುಂದೆ ಶಸ್ತ್ರಚಿಕಿತ್ಸೆಗೆ ದಾರಿ ಮಾಡುವುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ರೋಗಿಯ ಇಚ್ಛೆಯನ್ನು ರೋಗಿಯಿಂದಲೇ ತಿಳಿಯುವುದು ಸೂಕ್ತ. ಎಷ್ಟೋ ವೇಳೆ ಅವರನ್ನು ಹೊರಗಿಟ್ಟೇ ನಿರ್ಧಾರಗಳಾಗುತ್ತವೆ.

ವಾಕರಿಕೆ, ಹಸಿವಿಲ್ಲದಿರುವುದು, ಭೇದಿ, ತೀವ್ರ ಆಯಾಸ ಸಾಮಾನ್ಯ. ಜಠರ ಅಥವಾ ಕರುಳಿನಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಸಂಭವವೂ ಉಂಟು. ಮಲ ಕಪ್ಪಾಗಿದ್ದಲ್ಲಿ ತಕ್ಷಣ ತಿಳಿಸತಕ್ಕದ್ದು. ಪಿತ್ತನಾಳ ಮುಚ್ಚಿ ಕಾಮಾಲೆಯಾಗಿದ್ದರೆ ಸಾಮಾನ್ಯವಾಗಿ ಮೊದಲು ಸ್ಟೆಂಟ್ ಅಳವಡಿಸಲಾಗುತ್ತದೆ. ಊಟದೊಡನೆ ಜೀರ್ಣಕಿಣ್ವದ ಕ್ಯಾಪ್ಸೂಲ್ ಸೇವಿಸಿದಲ್ಲಿ ಅನೇಕರಿಗೆ ಆಹಾರ ಮೈಗೂಡುತ್ತದೆ. ನೋವಿಗೆ ಮಾರ್ಫಿನ್ ಸಹಿತ ಉಪಶಮನ ಚಿಕಿತ್ಸೆಯನ್ನು ಕೊನೆಯ ದಿನಗಳಿಗೆಂದು ಮುಂದೂಡದೆ ಆರಂಭದಿಂದಲೇ ಪಡೆಯಬಹುದಾಗಿದೆ. ಚಿಕಿತ್ಸೆಯ ಅವಧಿಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಬಂದಲ್ಲಿ, ರಾತ್ರಿಯಾಗಿದ್ದರೂ, ಮರುದಿನದ ವಿಕಿರಣದ ಸರದಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.